ಸಂಪಾದಕರ ಉತ್ತರ: ಸಹಿ ಹಾಕಿದ್ದು ಯಾರು, ಸಾಲ ತೀರಿಸಿದ್ದು ಯಾರು?

ಹೋದ ಸಂಚಿಕೆಯಲ್ಲಿ ಬಂದ ಸಾಮ್ರಾಜ್ಯಶಾಹಿ ಬಗೆಗಿನ ಲೇಖನ ಓದಿ ಸಿಟ್ಟಾಗಿ ಪತ್ರ ಬರೆದ ಮಿತ್ರರೇ, ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಸಾಮ್ರಾಜ್ಯಶಾಹಿ ಅನ್ನೋದು ಅಜ್ಜನ ಕಾಲದ ಪದ, ಈಗ ಯಾವ ದೇಶಾನೂ ಇನ್ನೊಂದನ್ನ ಆಳ್ತಾ ಇಲ್ಲ ಅಂದಿದ್ದೀರಿ. ಸಾಲ ತಗೊಂಡ ಮೇಲೆ ತೀರಿಸಲೇಬೇಕು, ಮನೆಗಾದ್ರೂ ಅಷ್ಟೇ ದೇಶಕ್ಕಾದ್ರೂ ಅಷ್ಟೇ ಅಂದಿದ್ದೀರಿ. ಆಮೇಲೆ ನಿಮ್ಮ ಎಡಪಂಥೀಯರು ಅಮೆರಿಕದ ಬಾಂಬ್ ಬಗ್ಗೆ ಬರೀತಾರೆ, ರಷ್ಯಾದ ಟ್ಯಾಂಕ್ ಬಗ್ಗೆ ಯಾಕೆ ಬಾಯಿ ಬಿಡಲ್ಲ ಅಂತ ಕೇಳಿದ್ದೀರಿ. ಟ್ಯಾಂಕ್ ವಿಷಯಕ್ಕೆ ಕೊನೆಗೆ ಬರ್ತೀನಿ, ಅದರಲ್ಲಿ ನೀವು ಹೇಳಿದ್ದು ಬಹುಪಾಲು ಸರಿ. ಆದ್ರೆ ಮನೆ ಸಾಲದ ಹೋಲಿಕೆ ಇದೆಯಲ್ಲ, ಅದನ್ನ ಒಪ್ಪೋಕೆ ನನ್ನಿಂದ ಆಗಲ್ಲ.

ಫ್ರಾನ್ಸಿನ ವಸಾಹತಾಗಿದ್ದ ಕೆರಿಬಿಯನ್ ದೇಶ ಹೈಟಿ ತಗೊಳ್ಳಿ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಜನ 1791ರಲ್ಲಿ ದಂಗೆ ಎದ್ದು, ನೆಪೋಲಿಯನ್ ಕಳಿಸಿದ ಸೈನ್ಯಾನೂ ಸೋಲಿಸಿ, 1804ರಲ್ಲಿ ಸ್ವತಂತ್ರರಾದ್ರು. 1825ರಲ್ಲಿ ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳ ಜೊತೆ ಒಂದು ಕಾಗದ ಕಳಿಸಿದ, 15 ಕೋಟಿ ಫ್ರಾಂಕ್ ಕೊಟ್ರೆ ನಿಮ್ಮ ಸ್ವಾತಂತ್ರ್ಯ ಒಪ್ಕೋತೀವಿ ಅಂತ. ಯಾವುದಕ್ಕೆ ಪರಿಹಾರ ಗೊತ್ತಾ? ಹಳೇ ಮಾಲೀಕರು ಕಳ್ಕೊಂಡ "ಆಸ್ತಿ"ಗೆ, ಆ ಆಸ್ತಿಯಲ್ಲಿ ಆ ಜನರ ಮೈಯೂ ಸೇರಿತ್ತು, ಅಂದ್ರೆ ತಮ್ಮ ಮೈಯನ್ನ ತಾವೇ ದುಡ್ಡು ಕೊಟ್ಟು ಬಿಡಿಸ್ಕೋಬೇಕಾಯ್ತು. ಮೊದಲನೇ ಕಂತು ಕಟ್ಟೋಕೂ ಕೈಯಲ್ಲಿ ಕಾಸಿಲ್ಲದೆ ಫ್ರೆಂಚ್ ಬ್ಯಾಂಕರ್‌ಗಳ ಹತ್ರಾನೇ 3 ಕೋಟಿ ಸಾಲ ಮಾಡಿದ್ರು, ಅದರಲ್ಲಿ 60 ಲಕ್ಷ ಬ್ಯಾಂಕರ್‌ಗಳು ಮೊದಲೇ ಮುರ್ಕೊಂಡ್ರು. 1838ರಲ್ಲಿ ಒಟ್ಟು ಮೊತ್ತಾನ 9 ಕೋಟಿಗೆ ಇಳಿಸಿದ್ರೂ ಆ ಸಾಲ, ಅದರ ಮೇಲೆ ಇನ್ನೊಂದು ಸಾಲ, ಹೀಗೆ ಎಳೀತಾ ಹೋಗಿ, ನಡುವೆ 1915ರಿಂದ 1934ರ ತನಕ ಅಮೆರಿಕದ ಸೈನ್ಯಾನೂ ಬಂದು ಕೂತಿತ್ತು, ಕೊನೆಗೆ ಪೂರ್ತಿ ಚುಕ್ತಾ ಆಗಿದ್ದು 1947ರಲ್ಲಿ. 1825ರ ಆ ಕಾಗದಕ್ಕೆ ಹೈಟಿಯ ಅಧ್ಯಕ್ಷ ಬೋಯೇ ಸಹಿ ಹಾಕಿದ್ದ, ನಿಜ. ಬಂದರಿನ ಕಡೆ ಫಿರಂಗಿ ತಿರುಗಿಸಿಟ್ಟು ಹಾಕಿಸ್ಕೊಂಡ ಸಹಿಯನ್ನ ಒಪ್ಪಂದ ಅಂತ ಕರೆಯೋಕೆ ಆಗುತ್ತಾ, ನೀವೇ ಹೇಳಿ.

ಅದು ಹಳೇ ಕಥೆ ಅನ್ನಬಹುದು ನೀವು. ಸರಿ, ಫಿಲಿಪೈನ್ಸ್‌ಗೆ ಬನ್ನಿ. ಸರ್ವಾಧಿಕಾರಿ ಮಾರ್ಕೋಸ್ ಕಾಲದಲ್ಲಿ ಬಟಾನ್ ಅನ್ನೋ ಕಡೆ ಒಂದು ಅಣು ವಿದ್ಯುತ್ ಸ್ಥಾವರ ಕಟ್ಟಿದ್ರು, ಖರ್ಚು 200 ಕೋಟಿ ಡಾಲರ್‌ಗೂ ಹೆಚ್ಚು, ಬಹುಪಾಲು ಸಾಲದ ದುಡ್ಡು, ಪಕ್ಕದಲ್ಲಿ ಜ್ವಾಲಾಮುಖಿ. ಮಾರ್ಕೋಸ್ 1986ರಲ್ಲಿ ಜನ ಬೀದಿಗಿಳಿದಾಗ ದೇಶ ಬಿಟ್ಟು ಓಡಿದ. ಸ್ಥಾವರ ಒಂದು ಯೂನಿಟ್ ಕರೆಂಟೂ ಕೊಡಲಿಲ್ಲ, ಆದ್ರೆ ಸಾಲದ ಕಂತು 2007ರ ತನಕ ಕಟ್ಟಿದ್ರು. ಕಟ್ಟಿದ್ದು ಯಾರು? ಸ್ಥಾವರದ ಕೆಲಸ ನಡೆಯುವಾಗ ಹುಟ್ಟೇ ಇರದವರೂ ಅದರಲ್ಲಿದ್ರು. ಮನೆಯಲ್ಲಿ ಸಾಲ ಮಾಡೋನು, ಖರ್ಚು ಮಾಡೋನು, ತೀರಿಸೋನು ಹೆಚ್ಚುಕಮ್ಮಿ ಒಬ್ಬನೇ ಆಗಿರ್ತಾನೆ. ದೇಶದ ಸಾಲದಲ್ಲಿ ಸಹಿ ಒಬ್ಬಂದು, ಊಟ ಇನ್ನೊಬ್ಬಂದು, ಎಂಜಲೆಲೆ ಎತ್ತೋರು ಬೇರೆಯವರೇ. ನಿಮ್ಮ ಹೋಲಿಕೆ ಮುರಿಯೋದು ಇಲ್ಲೇ.

ನನ್ನ ಪ್ರಕಾರ ಸಾಮ್ರಾಜ್ಯಶಾಹಿ ಅಂದ್ರೆ ಬಾವುಟ ಹಾರಿಸೋದಷ್ಟೇ ಅಲ್ಲ. ಬಂಡವಾಳಕ್ಕೆ ತನ್ನ ದೇಶದಲ್ಲಿ ಸಾಕಷ್ಟು ಲಾಭ ಸಿಗದೇ ಇದ್ದಾಗ ಅದು ಹೊರಗೆ ಹೋಗುತ್ತೆ, ಹೋದ ಕಡೆ ತನ್ನ ಲಾಭಕ್ಕೆ ಗ್ಯಾರಂಟಿ ಕೇಳುತ್ತೆ, ಆ ಗ್ಯಾರಂಟಿ ಕೊಡಿಸೋಕೆ ಸರ್ಕಾರ, ಕೋರ್ಟು, ಬೇಕಾದ್ರೆ ಬಂದೂಕು ಹಿಂದೆ ನಿಂತಿರ್ತವೆ. ದೇಶಗಳಿಗೆ ಸಾಲ ಕೊಡೋ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಶುರುವಾಗಿದ್ದು 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ನಡೆದ ಸಭೆಯಲ್ಲಿ, ಆಗ ಆಫ್ರಿಕಾದ ಬಹುಪಾಲು ಇನ್ನೂ ಯಾರದೋ ವಸಾಹತು. ಈಗಲೂ ಅಲ್ಲಿ ದೊಡ್ಡ ನಿರ್ಧಾರಗಳಿಗೆ ಶೇ. 85 ಮತ ಬೇಕು, ಅಮೆರಿಕ ಒಂದರ ಕೈಯಲ್ಲೇ ಶೇ. 16ಕ್ಕಿಂತ ಜಾಸ್ತಿ ಇದೆ, ಅಂದ್ರೆ ಉಳಿದ ಜಗತ್ತೆಲ್ಲ ಹೂಂ ಅಂದ್ರೂ ಅದೊಂದು ಊಹೂಂ ಅಂದ್ರೆ ಮುಗೀತು. ಆಳೋದು ಅಂದ್ರೆ ಇನ್ನೇನು?

ಬಂಡವಾಳ ಕೇಳೋ ಗ್ಯಾರಂಟಿ ಹೇಗಿರುತ್ತೆ ಅನ್ನೋಕೆ ಬೊಲಿವಿಯಾದ ಕೊಚಬಾಂಬಾ ನೋಡಿ. 1999ರಲ್ಲಿ ಆ ಊರಿನ ನೀರನ್ನ 40 ವರ್ಷಕ್ಕೆ ಅಮೆರಿಕದ ಬೆಕ್ಟೆಲ್ ಕಂಪನಿಯ ಪಾಲಿದ್ದ ಒಂದು ಕಂಪನಿಗೆ ಬರೆದುಕೊಟ್ರು, ಹರಾಜಿನಲ್ಲಿ ಕೂಗಿದ್ದು ಆ ಕಂಪನಿ ಒಂದೇ. ಒಪ್ಪಂದದಲ್ಲೇ ಲಾಭ ಇಷ್ಟು ಅಂತ ಖಾತ್ರಿ ಇತ್ತು. ಬಿಲ್ ಏರಿತು, ಜನ ತಾವೇ ತೋಡಿಕೊಂಡಿದ್ದ ಬಾವಿಗಳೂ ಕಂಪನಿ ಕೈಗೆ ಹೋಗೋ ಹಾಗಾಯ್ತು. ಶೂ ಫ್ಯಾಕ್ಟರಿ ಕಾರ್ಮಿಕ ಆಸ್ಕರ್ ಒಲಿವೇರಾ, ನೀರಾವರಿ ರೈತರು, ಬೀದಿ ವ್ಯಾಪಾರದ ಹೆಂಗಸರು, ಎಲ್ಲ ಸೇರಿ ತಿಂಗಳುಗಟ್ಟಲೆ ಹೋರಾಡಿ ಮತ್ತೆ ಮತ್ತೆ ಊರು ಬಂದ್ ಮಾಡಿದ್ರು. 2000ದ ಏಪ್ರಿಲ್ 8ಕ್ಕೆ ಸರ್ಕಾರ ತುರ್ತು ಪರಿಸ್ಥಿತಿ ಹೇರಿತು, ಗುಂಡೇಟಿಗೆ 17 ವರ್ಷದ ಹುಡುಗ ಸತ್ತ, ಎರಡೇ ದಿನಕ್ಕೆ ಕಂಪನಿ ಹೊರಗೆ. ಆಮೇಲೆ ಕಂಪನಿ ವಿಶ್ವಬ್ಯಾಂಕ್ ಅಡಿಯ ವ್ಯಾಜ್ಯ ಮಂಡಳಿಗೆ ಹೋಗಿ ಕೋಟಿಗಟ್ಟಲೆ ಡಾಲರ್ ಪರಿಹಾರ ಕೇಳ್ತು. ನಾಲ್ಕು ವರ್ಷ ಹಲವು ದೇಶಗಳ ಜನ ಗಲಾಟೆ ಮಾಡಿ ಕೊನೆಗೆ 2006ರಲ್ಲಿ ಬರೀ 2 ಬೊಲಿವಿಯಾನೊ ನಾಣ್ಯಕ್ಕೆ ಕೇಸ್ ಬಿಟ್ಟುಹೋದ್ರು. ನನಗೆ ಈ ಎರಡು ನಾಣ್ಯದ ನೆನಪೇ ಒಂದು ಧೈರ್ಯ. ಆದ್ರೂ ಒಂದು ಮಾತು ಮುಚ್ಚಿಡಬಾರದು, ಗೆದ್ದ ಮೇಲೂ ಊರಿನ ದಕ್ಷಿಣದ ಬಡ ಬಡಾವಣೆಗಳಿಗೆ ಎಷ್ಟೋ ವರ್ಷ ಪೈಪ್ ನೀರು ಬರಲಿಲ್ಲ, ಕಂಪನಿ ಓಡಿಸಿದ ಮಾತ್ರಕ್ಕೆ ನಲ್ಲಿ ತಾನಾಗೇ ತಿರುಗಲ್ಲ.

ಸಾಲ ಕಟ್ಟಲ್ಲ ಅಂತ ಒಂದೇ ದೇಶ ಹೇಳಿದ್ರೆ ಏನಾಗುತ್ತೆ ಅಂತಲೂ ಕೇಳಿದ್ದೀರಿ. ಇದನ್ನೇ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಅಧ್ಯಕ್ಷ ಥಾಮಸ್ ಸಂಕಾರಾ 1987ರ ಜುಲೈನಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಆಫ್ರಿಕಾದ ನಾಯಕರ ಮುಂದೆ ಎತ್ತಿದ್ದ, ಎಲ್ಲರೂ ಒಟ್ಟಿಗೆ ಬೇಡ ಅನ್ನೋಣ, ನಾನೊಬ್ಬನೇ ಅಂದ್ರೆ ಮುಂದಿನ ಸಭೆಗೆ ನಾನಿರಲ್ಲ ಅನ್ನೋ ಅರ್ಥದಲ್ಲಿ. ಅಕ್ಟೋಬರ್ 15ಕ್ಕೆ ಅವನನ್ನ ಕೊಂದ್ರು. ಸಾಲದ ಭಾಷಣಕ್ಕೇ ಕೊಂದ್ರು ಅಂತ ನಾನು ಹೇಳಲ್ಲ, ಜೊತೆಗಾರ ಕಂಪಾವೊರೆ ಅಧಿಕಾರ ಹಿಡಿದ, 2022ರಲ್ಲಿ ಅಲ್ಲಿನ ಕೋರ್ಟ್ ಅವನನ್ನೇ ತಪ್ಪಿತಸ್ಥ ಅಂತು. ಒಳಗಿನವರ ಕೈ ಇಲ್ಲದೆ ಹೊರಗಿನ ಬಂಡವಾಳ ಎಲ್ಲೂ ಬೇರು ಬಿಡಲ್ಲ, ಇದನ್ನ ನಮ್ಮ ಲೇಖನ ಸರಿಯಾಗಿ ಹೇಳಿರಲಿಲ್ಲ, ಆ ಕೊರತೆ ಒಪ್ಕೋತೀನಿ.

ಇನ್ನು ಟ್ಯಾಂಕ್. 1956ರ ನವೆಂಬರ್‌ನಲ್ಲಿ ಜನರ ದಂಗೆ ಅಡಗಿಸೋಕೆ ಸೋವಿಯತ್ ಟ್ಯಾಂಕ್‌ಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ನುಗ್ಗಿದಾಗ ಕಡೇ ತನಕ ಎದುರು ನಿಂತವರಲ್ಲಿ ಫ್ಯಾಕ್ಟರಿ ಕಾರ್ಮಿಕರೇ ಕಟ್ಟಿದ ಕಾರ್ಮಿಕ ಮಂಡಳಿಗಳಿದ್ವು. ಕಾರ್ಮಿಕರ ಹೆಸರು ಹೇಳೋ ಸೈನ್ಯ ಕಾರ್ಮಿಕರನ್ನೇ ತುಳೀತು, 1968ರಲ್ಲಿ ಚೆಕೊಸ್ಲೊವಾಕಿಯಾದ ಪ್ರಾಗ್‌ಗೂ ಹಾಗೇ ನುಗ್ಗಿತು, ಆಗ ಎಷ್ಟೋ ಎಡಪಂಥೀಯ ಪಕ್ಷಗಳು ಚಪ್ಪಾಳೆ ತಟ್ಟಿದ್ವು. ಅದು ತಪ್ಪು, ಅದಕ್ಕೆ ಸಬೂಬು ಹುಡುಕೋಕೆ ನಾನು ಹೋಗಲ್ಲ. ಕೊಚಬಾಂಬಾದ ಜನರ ಪರ ನಿಂತವರು ಬುಡಾಪೆಸ್ಟಿನ ಕಾರ್ಮಿಕರ ಪರಾನೂ ನಿಲ್ಲಬೇಕಿತ್ತು. ಮುಂದಿನ ಸಂಚಿಕೆಯಲ್ಲಿ ಆ ಮಂಡಳಿಗಳ ಬಗ್ಗೆ ನಾನೇ ಬರೀತೀನಿ, ನಿಮ್ಮ ಪತ್ರಾನ ಒಂದಕ್ಷರಾನೂ ಕತ್ತರಿಸದೆ ಅದರ ಪಕ್ಕದಲ್ಲೇ ಹಾಕ್ತೀವಿ. ಮನೆ ಸಾಲದ ವಿಷಯದಲ್ಲಿ ಇನ್ನೂ ಒಪ್ಪಿಗೆ ಆಗದಿದ್ರೆ ದಯವಿಟ್ಟು ಮತ್ತೆ ಬರೀರಿ.