ಶಾಲೆ ಕೊಟ್ಟ ಲ್ಯಾಪ್‌ಟಾಪ್: ಮನೆಯವರ ಕೈಯಲ್ಲಿ ಏನಿದೆ?

ಪ್ರಶ್ನೆ: ಮಗಳು ಆರನೇ ಕ್ಲಾಸು. ಇಲ್ಲಿನ ಪಬ್ಲಿಕ್ ಸ್ಕೂಲಿನವರು ಕ್ರೋಮ್‌ಬುಕ್ ಕೊಟ್ಟಿದ್ದಾರೆ. ಹೋಮ್‌ವರ್ಕ್ ಅಂತ ರಾತ್ರಿ ಹನ್ನೊಂದರವರೆಗೂ ಅದರ ಮುಂದೆಯೇ ಕೂತಿರುತ್ತಾಳೆ. ಮಕ್ಕಳ ಬಳಕೆಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಲು ನೋಡಿದೆವು, ಆಗಲಿಲ್ಲ. ಪೂರ್ತಿ ರೀಸೆಟ್ ಮಾಡಿ ನಮ್ಮ ಅಕೌಂಟಿನಲ್ಲಿ ತೆರೆಯಬಹುದೇ?
— ಓದುಗರು, ನ್ಯೂಜೆರ್ಸಿ

ಉತ್ತರ: ರೀಸೆಟ್‌ಗೆ ಮಾತ್ರ ಕೈಹಾಕಬೇಡಿ. ಪವರ್‌ವಾಶ್ (ಕ್ರೋಮ್‌ಬುಕ್‌ನ ಪೂರ್ತಿ ರೀಸೆಟ್) ಮಾಡಿದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಯಂತ್ರವಂತೂ ನಿಮ್ಮದಾಗುವುದಿಲ್ಲ. ಅದರ ಸೀರಿಯಲ್ ನಂಬರ್ ಗೂಗಲ್‌ನಲ್ಲಿ ಶಾಲೆಯ ಹೆಸರಿಗೆ ದಾಖಲಾಗಿದೆ. ವೈಫೈ ಸಿಕ್ಕ ಕೂಡಲೇ ಮತ್ತೆ ಶಾಲೆಯ ಲಾಗಿನ್ ಪುಟವೇ ಬರುವಂತೆ ಹೆಚ್ಚಿನ ಶಾಲೆಗಳು ಹೊಂದಿಸಿಟ್ಟಿರುತ್ತವೆ. ಫ್ಯಾಮಿಲಿ ಲಿಂಕ್ ಆಗದಿದ್ದದ್ದೂ ಇದೇ ಕಾರಣಕ್ಕೆ. ಅದು ತಂದೆತಾಯಿ ನೋಡಿಕೊಳ್ಳುವ ಮಗುವಿನ ಸ್ವಂತ ಗೂಗಲ್ ಅಕೌಂಟಿಗೆ ಮಾಡಿದ್ದು. ಶಾಲೆಯ ಅಕೌಂಟಿನ ಯಜಮಾನಿಕೆ ಶಾಲೆಯ ಐಟಿ ವಿಭಾಗದ್ದು.

ಮೊದಲು ಶಾಲೆ ಏನೇನು ಬಿಗಿ ಮಾಡಿದೆ, ಏನೇನು ನೋಡುತ್ತದೆ ಎಂದು ತಿಳಿದುಕೊಳ್ಳಿ. ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವಳ ಲಾಗಿನ್‌ನಲ್ಲೇ ಅಡ್ರೆಸ್ ಪಟ್ಟಿಯಲ್ಲಿ 'ಕ್ರೋಮ್' ಎಂದು ಬರೆದು, ಕೋಲನ್, ಎರಡು ಓರೆಗೆರೆ ಹಾಕಿ 'ಮ್ಯಾನೇಜ್‌ಮೆಂಟ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಆಡಳಿತ ನಡೆಸುವವರಿಗೆ ಈ ಯಂತ್ರದಲ್ಲಿ ಏನು ಕಾಣುತ್ತದೆ ಎಂಬುದು ಅಲ್ಲಿ ಬರುತ್ತದೆ. 'ಮ್ಯಾನೇಜ್‌ಮೆಂಟ್' ತೆಗೆದು 'ಪಾಲಿಸಿ' ಎಂದು ಹಾಕಿದರೆ ಉದ್ದನೆಯ ಪಟ್ಟಿ. ಅದರಲ್ಲಿ ಇನ್‌ಕಾಗ್ನಿಟೋ ಎಂದು ಶುರುವಾಗುವ ಸಾಲಿನ ಮುಂದೆ 1 ಇದ್ದರೆ ಗುಟ್ಟಿನ ಕಿಟಕಿ ತೆರೆಯಲಾಗದು. ಬ್ರೌಸರ್ ಹಿಸ್ಟರಿ ಅಳಿಸುವ ಸಾಲಿನ ಮುಂದೆ 'ಫಾಲ್ಸ್' ಇದ್ದರೆ ಹಿಸ್ಟರಿ ಅಳಿಸಲಾಗದು. ಇವೆರಡೂ ಹಾಗಿದ್ದರೆ, ಅವಳ ಎದುರೇ ಹಿಸ್ಟರಿ ತೆರೆದು ನೋಡಿದರೆ ಸಾಕು, ಬೇರೆ ಸಾಫ್ಟ್‌ವೇರ್ ಹುಡುಕಬೇಕಿಲ್ಲ. ಕೆಲವು ಶಾಲೆಗಳು ಈ ಪುಟಗಳನ್ನೂ ಮುಚ್ಚಿರುತ್ತವೆ, ಆಗ ಶಾಲೆಯನ್ನೇ ಕೇಳಬೇಕು.

ಶಾಲೆಗೆ ಇಮೇಲ್ ಬರೆಯುವಾಗ ಸುಮ್ಮನೆ 'ಮಗಳು ತುಂಬಾ ಹೊತ್ತು ನೋಡುತ್ತಾಳೆ' ಎಂದರೆ ಸುಮ್ಮನೆ ಒಂದು ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಯಾವ ಫಿಲ್ಟರ್ ಬಳಸುತ್ತೀರಿ? ಅದು ನಮ್ಮ ಮನೆಯ ವೈಫೈನಲ್ಲೂ ಕೆಲಸ ಮಾಡುತ್ತದೆಯೇ, ಶಾಲೆಯೊಳಗೆ ಮಾತ್ರವೇ? ರಾತ್ರಿ ಹತ್ತಕ್ಕೆ ಎಚ್ಚರಿಕೆ ಬಂದರೆ ನೋಡುವವರು ಯಾರು? ದಾಖಲೆ ಎಷ್ಟು ದಿನ ಇಡುತ್ತೀರಿ? ಮುಖ್ಯವಾಗಿ, ಪೋಷಕರ ಆ್ಯಪ್ ಇದೆಯೇ? ಶಾಲೆಗಳು ಬಳಸುವ ಗೋಗಾರ್ಡಿಯನ್, ಸೆಕ್ಯೂರ್ಲಿ ಎಂಬ ಫಿಲ್ಟರ್‌ಗಳೆರಡಕ್ಕೂ ಇದೆ. ಶಾಲೆ ಚಾಲೂ ಮಾಡಿಕೊಟ್ಟರೆ ಮಗು ಹೋದ ಸೈಟುಗಳ ವರದಿ ನಿಮಗೆ ಬರುತ್ತದೆ, ಶಾಲೆಯ ಸಮಯ ಮುಗಿದ ಮೇಲೆ ಇಂಟರ್‌ನೆಟ್ ನಿಲ್ಲಿಸುವ ಗುಂಡಿಯೂ ಸಿಗಬಹುದು. ಕೇಳದ ಕಾರಣಕ್ಕೇ ಎಷ್ಟೋ ಮನೆಗಳಿಗೆ ಇದು ಸಿಕ್ಕಿರುವುದಿಲ್ಲ.

ಇನ್ನೊಂದು ಮಾತು. ಅಮೆರಿಕದಲ್ಲಿ 2000ದ ಮಕ್ಕಳ ಇಂಟರ್‌ನೆಟ್ ರಕ್ಷಣಾ ಕಾಯ್ದೆ ಇದೆ. ಕೇಂದ್ರದ ಇ-ರೇಟ್ ರಿಯಾಯಿತಿಯಲ್ಲಿ ಇಂಟರ್‌ನೆಟ್ ಪಡೆಯುವ ಶಾಲೆಗಳು ಅಶ್ಲೀಲ ಚಿತ್ರಗಳನ್ನು ತಡೆಯಲೇಬೇಕು ಎನ್ನುತ್ತದೆ. ಆಟದ ಸೈಟು, ವಿಡಿಯೊಗಳ ಮಾತು ಅದರಲ್ಲಿಲ್ಲ. 'ಫಿಲ್ಟರ್ ಇದೆ' ಎಂದು ಶಾಲೆ ಹೇಳಿದ ಮಾತ್ರಕ್ಕೆ ಹನ್ನೊಂದು ಗಂಟೆಯ ಆಟ ನಿಂತಿದೆ ಎಂದುಕೊಳ್ಳಬೇಡಿ.

ಹೊತ್ತಿಗೆ ಕಡಿವಾಣ ಹಾಕುವುದು ನಿಮ್ಮ ರೂಟರಿನಲ್ಲೇ ಸುಲಭ. ಕ್ರೋಮ್‌ಬುಕ್‌ನ ಕೆಳಗಿನ ಬಲಮೂಲೆಯ ಗಡಿಯಾರ ಒತ್ತಿ, ವೈಫೈ ಪಟ್ಟಿಗೆ ಹೋಗಿ, ಮೇಲಿರುವ 'ಐ' ಗುರುತು ಒತ್ತಿದರೆ ಮ್ಯಾಕ್ ಅಡ್ರೆಸ್ (ವೈಫೈನಲ್ಲಿ ಆ ಯಂತ್ರದ ಗುರುತಿನ ಸಂಖ್ಯೆ) ಕಾಣುತ್ತದೆ: ಎರಡೆರಡು ಅಕ್ಷರದ ಆರು ಜೋಡಿ. ರೂಟರಿನ ಪೇರೆಂಟಲ್ ಕಂಟ್ರೋಲ್‌ನಲ್ಲಿ ಆ ಅಡ್ರೆಸ್ ಆರಿಸಿ, ವಾರದ ದಿನಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ತಡೆ ಹಾಕಿ. ಹಾಕುವ ಮುಂಚೆ ರೂಟರಿನ ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ. ಟೈಮ್ ಝೋನ್ ತಪ್ಪಿದ್ದರೆ ಮಧ್ಯಾಹ್ನ ಮೂರಕ್ಕೆ ನೆಟ್ ಹೋಗಿ, ಹೋಮ್‌ವರ್ಕ್ ಸಲ್ಲಿಸಲಾಗದೆ ಮಗು ಅಳುತ್ತದೆ. ನೀವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರುತ್ತಾರೆ ಎಂಬುದೂ ನೆನಪಿರಲಿ. ಗೆಸ್ಟ್ ವೈಫೈ, ಊರಿಂದ ಬಂದ ಅಜ್ಜಿಯ ಫೋನಿನ ಹಾಟ್‌ಸ್ಪಾಟ್, ಇವೆರಡೇ ಮಾಮೂಲಿ ದಾರಿಗಳು. ಗೆಸ್ಟ್ ವೈಫೈ ಪಾಸ್‌ವರ್ಡ್ ಬದಲಿಸಿ, ಅಜ್ಜಿಗೂ ಒಂದು ಮಾತು ಹೇಳಿಡಿ. ಚಾರ್ಜರ್ ಮಾತ್ರ ಅಡುಗೆಮನೆಯಲ್ಲೇ ಇರಲಿ. ರಾತ್ರಿ ಯಂತ್ರ ಅಲ್ಲೇ ಚಾರ್ಜ್ ಆಗಲಿ, ಮಲಗುವ ಕೋಣೆಗೆ ಹೋಗುವುದು ಬೇಡ.

ಪ್ರಶ್ನೆ: ಮಗನ ಸ್ಕ್ರೀನ್ ಮೇಲೆ ಯಾವಾಗ ನೋಡಿದರೂ ಗೂಗಲ್ ಡಾಕ್ಸ್ ಇರುತ್ತದೆ. ಆದರೆ ಟೈಪ್ ಮಾಡುತ್ತಾ ಒಬ್ಬನೇ ನಗುತ್ತಾನೆ. ಹತ್ತಿರ ಹೋದರೆ ಪುಟ ಖಾಲಿ!
— ತಾಯಿ, ಫ್ರೀಮಾಂಟ್

ಉತ್ತರ: ಅದು ಹರಟೆಕಟ್ಟೆ. ಚಾಟ್ ಆ್ಯಪ್‌ಗಳನ್ನು ಶಾಲೆ ಮುಚ್ಚಿದಾಗ ಮಕ್ಕಳು ಒಂದೇ ಡಾಕ್ಯುಮೆಂಟನ್ನು ನಾಲ್ಕೈದು ಜನ ಹಂಚಿಕೊಂಡು ಅದರಲ್ಲೇ ಬರೆದು ಅಳಿಸುತ್ತಾರೆ. ಡಾಕ್ಸ್ ಪಾಠಕ್ಕೆ ಬೇಕೇಬೇಕು, ಹಾಗಾಗಿ ಅದನ್ನು ಯಾವ ಫಿಲ್ಟರೂ ತಡೆಯುವುದಿಲ್ಲ.

ಖಾಲಿ ಪುಟ ನಿಜಕ್ಕೂ ಖಾಲಿಯಲ್ಲ. ಮಗನ ಜೊತೆ ಕೂತು ಫೈಲ್ ಮೆನುವಿನಲ್ಲಿ 'ವರ್ಷನ್ ಹಿಸ್ಟರಿ' ತೆರೆಯಿರಿ. ಬಲಗಡೆ ದಿನಾಂಕ, ಗಂಟೆ ಸಮೇತ ಪಟ್ಟಿ ಬರುತ್ತದೆ. ಒಂದನ್ನು ಒತ್ತಿದರೆ ಆ ಹೊತ್ತಿಗೆ ಪುಟದಲ್ಲಿ ಏನಿತ್ತೋ ಅದು, ಯಾರು ಬರೆದದ್ದು ಎಂಬುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಅಳಿಸಿದ ಸಾಲಿಗೆ ಅಡ್ಡಗೆರೆ. ಪಟ್ಟಿಯ ಪಕ್ಕದ ಸಣ್ಣ ಬಾಣ ಒತ್ತಿದರೆ ಇನ್ನೂ ಬಿಡಿಬಿಡಿಯಾಗಿ ಕಾಣುತ್ತದೆ. ಬದಿಯ ಕಾಮೆಂಟುಗಳಲ್ಲೂ ಹರಟೆ ನಡೆಯುತ್ತದೆ, ಮೇಲಿನ ಕಾಮೆಂಟ್ ಗುರುತು ಒತ್ತಿ ಅದನ್ನೂ ನೋಡಿ. ಬರೆಯುವ ಹಕ್ಕಿಲ್ಲದೆ ಬರೀ ಓದಲು ಕೊಟ್ಟ ಡಾಕ್ಯುಮೆಂಟಾದರೆ ಈ ಹಿಸ್ಟರಿ ಸಿಗುವುದಿಲ್ಲ. ಡ್ರೈವ್‌ನಲ್ಲಿ 'ಶೇರ್ಡ್ ವಿತ್ ಮಿ' ತೆರೆದರೆ ಯಾರ್‍ಯಾರು ಏನೇನು ಕಳಿಸಿದ್ದಾರೆ ಎಂಬುದು ಅಲ್ಲಿರುತ್ತದೆ.

ಅದರಲ್ಲಿ ಬರೀ ತಮಾಷೆ, ಕ್ರಿಕೆಟ್ಟು ಇದ್ದರೆ ಹೋಮ್‌ವರ್ಕ್ ಮುಗಿಯುವವರೆಗೆ ಬೇಡ ಎಂದು ಹೇಳಿ ಬಿಟ್ಟುಬಿಡಿ. ಗೆಳೆಯರ ಜೊತೆ ಮಾತಾಡಬೇಕು ಎನ್ನುವುದು ಆ ವಯಸ್ಸಿನ ಹಸಿವು. ಯಾರನ್ನಾದರೂ ಗುಂಪು ಸೇರಿ ಹೀಯಾಳಿಸಿದ್ದರೆ, ಬೆದರಿಸಿದ್ದರೆ ಅಥವಾ ಪರಿಚಯವಿಲ್ಲದ ದೊಡ್ಡವರು ಒಳಗೆ ಬಂದಿದ್ದರೆ ಮಾತ್ರ ಏನನ್ನೂ ಅಳಿಸಲು ಬಿಡದೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಅಂದೇ ಶಾಲೆಗೆ ಕಳಿಸಿ. ಅವನು ಮಲಗಿದ ಮೇಲೆ ಕದ್ದು ನೋಡುವುದು ಬೇಡ. ಸಿಕ್ಕಿಬಿದ್ದ ದಿನದಿಂದ ನಿಜವಾದ ತೊಂದರೆ ಬಂದರೂ ಅವನು ನಿಮ್ಮ ಹತ್ತಿರ ಬರುವುದಿಲ್ಲ.

ಪ್ರಶ್ನೆ: ನಮ್ಮದೇ ದುಡ್ಡಿನಲ್ಲಿ ಶಾಲೆಯ ಮೂಲಕ ಕೊಂಡ ಐಪ್ಯಾಡ್. ಮನೆಯ ಜಿಯೋಫೈಬರ್‌ನಲ್ಲಿ ಬೇಡದ ಸೈಟಿನ ಹೆಸರು ಹುಡುಕುವಾಗಲೇ ತಡೆಯುವ ಡಿಎನ್‌ಎಸ್ ಫಿಲ್ಟರ್ ಹಾಕಿದ್ದೇವೆ, ಆದರೂ ಎಲ್ಲ ಸೈಟೂ ತೆರೆಯುತ್ತದೆ. ಶಾಲೆ ಹಾಕಿರುವ ನಿಯಂತ್ರಣದ ಪ್ರೊಫೈಲ್ ತೆಗೆದುಹಾಕಬಹುದೇ?
— ಓದುಗರು, ಬೆಂಗಳೂರು

ಉತ್ತರ: ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿ ಈ ಐಪ್ಯಾಡ್ ಇಂಥ ಸಂಸ್ಥೆಯ ಮೇಲ್ವಿಚಾರಣೆಯಲ್ಲಿದೆ ಎಂಬ ಸಾಲಿದ್ದರೆ ಪ್ರೊಫೈಲನ್ನು ನೀವು ತೆಗೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಅಳಿಸಿ ಹೊಸದಾಗಿ ಶುರು ಮಾಡಿದರೂ ಅದು ಮರಳಿ ಬರುತ್ತದೆ. ಆದರೆ ದುಡ್ಡು ನಿಮ್ಮದು, ಆದ್ದರಿಂದ ಮಗು ಶಾಲೆ ಬಿಡುವಾಗ ಆ ಸೀರಿಯಲ್ ನಂಬರನ್ನು ಶಾಲೆ ತನ್ನ ಪಟ್ಟಿಯಿಂದ ಬಿಡುಗಡೆ ಮಾಡಬೇಕು. ಟಿ.ಸಿ. ತೆಗೆದುಕೊಳ್ಳುವ ದಿನವೇ ಬರೆದುಕೊಟ್ಟು ಮಾಡಿಸಿಕೊಳ್ಳಿ. ಬಿಟ್ಟರೆ ಮುಂದೆ ಅದನ್ನು ನೀವೂ ಬಳಸಲಾಗದು, ಮಾರಲೂ ಆಗದು. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನಿಯಮಗಳಲ್ಲಿ ಶಾಲೆಗಳಿಗೆ ಕೆಲವು ವಿನಾಯಿತಿಗಳಿದ್ದರೂ, ಸಹಿ ಮಾಡಿದ ಫಾರಮ್ಮಿನ ಪ್ರತಿ ಕೇಳಿ ಇಟ್ಟುಕೊಳ್ಳಿ.

ಫಿಲ್ಟರ್ ಕೆಲಸ ಮಾಡದಿರಲು ಬಹುಪಾಲು ಕಾರಣ ಐಪಿವಿ6, ಅಂದರೆ ಇಂಟರ್‌ನೆಟ್ ವಿಳಾಸಗಳ ಹೊಸ ಪದ್ಧತಿ. ನೀವು ಕ್ಲೌಡ್‌ಫ್ಲೇರ್ ಕಂಪನಿಯ ಫಿಲ್ಟರ್ ವಿಳಾಸಗಳಾದ 1.1.1.3, 1.0.0.3 ಅನ್ನು ಹಳೆಯ ಪದ್ಧತಿಯ ಐಪಿವಿ4 ಜಾಗದಲ್ಲಿ ಮಾತ್ರ ತುಂಬಿರುತ್ತೀರಿ. ಜಿಯೋ ಐಪಿವಿ6 ಕೂಡ ಕೊಡುತ್ತದೆ, ಐಪ್ಯಾಡ್ ಆ ದಾರಿಯಲ್ಲಿ ಜಿಯೋದ ಡಿಎನ್‌ಎಸ್ ಕೇಳಿ ನಿಮ್ಮ ಫಿಲ್ಟರನ್ನು ದಾಟುತ್ತದೆ. 192.168.29.1ರಲ್ಲಿ ರೂಟರ್ ಪುಟ ತೆರೆದು ಐಪಿವಿ6 ಡಿಎನ್‌ಎಸ್ ಜಾಗದಲ್ಲಿ 2606:4700:4700::1113 ಹಾಗೂ 2606:4700:4700::1003 ತುಂಬಿ. ಆ ಪುಟದಲ್ಲಿ ಬದಲಿಸಲು ಬಿಡದಿದ್ದರೆ ಇನ್ನೊಂದು ಸಣ್ಣ ರೂಟರನ್ನು ಅದರ ವ್ಯಾನ್ ಪೋರ್ಟ್ (ಹೊರಗಿನ ಇಂಟರ್‌ನೆಟ್ ತಂತಿಯ ಕಿಂಡಿ) ಮೂಲಕ ಸೇರಿಸಿ, ಅದರಲ್ಲಿ ಇವನ್ನು ತುಂಬಿ, ಮಗುವಿನ ಯಂತ್ರಕ್ಕೆ ಅದರ ವೈಫೈ ಮಾತ್ರ ಕೊಡಿ. ಐಪ್ಯಾಡನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮಾಲ್‌ವೇರ್ ಡಾಟ್ ಟೆಸ್ಟ್‌ಕೆಟಗರಿ ಡಾಟ್ ಕಾಮ್ ತೆರೆಯಿರಿ. ಕ್ಲೌಡ್‌ಫ್ಲೇರ್‌ನವರು ಪರೀಕ್ಷೆಗೆಂದೇ ಇಟ್ಟ ವಿಳಾಸ ಅದು, ತೆರೆಯದಿದ್ದರೆ ಫಿಲ್ಟರ್ ಕೂತಿದೆ ಎಂದರ್ಥ.

ಹೊತ್ತಿನ ತಡೆ ಹಾಕುವುದಾದರೆ ಐಪ್ಯಾಡ್‌ನಲ್ಲಿ ಮನೆಯ ವೈಫೈ ಹೆಸರಿನ ಪಕ್ಕದ 'ಐ' ಒತ್ತಿ 'ಪ್ರೈವೇಟ್ ವೈಫೈ ಅಡ್ರೆಸ್' ಆಫ್ ಮಾಡಬೇಕು. ಇಲ್ಲದಿದ್ದರೆ ಅಡ್ರೆಸ್ ಬದಲಾದಾಗ ರೂಟರಿಗೆ ಅದು ಹೊಸ ಯಂತ್ರವಾಗಿ ಕಾಣುತ್ತದೆ. ಫಿಲ್ಟರ್ ಹಾಕಿದ ಮೇಲೆ ಶಾಲೆಯ ಪರೀಕ್ಷೆಯ ಆ್ಯಪ್ ತೆರೆಯದಿದ್ದರೆ ರೂಟರಿನಲ್ಲಿ ಡಿಎನ್‌ಎಸ್ ಅನ್ನು 'ಆಟೊಮ್ಯಾಟಿಕ್'ಗೆ ತಿರುಗಿಸಿ ನೋಡಿ. ಪರೀಕ್ಷೆಯ ಹಿಂದಿನ ದಿನ ಮಾತ್ರ ಹೊಸ ಪ್ರಯೋಗ ಬೇಡ.

ಪ್ರಶ್ನೆ: ಶಾಲೆಯವರು ಕ್ಯಾಮೆರಾದಲ್ಲಿ ಮನೆಯೊಳಗೆ ನೋಡಬಹುದೇ?
— ಓದುಗರು, ಡಲ್ಲಾಸ್

ಉತ್ತರ: ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆ ಇದೆ. ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆ, ಕಳೆದುಹೋದ ಲ್ಯಾಪ್‌ಟಾಪ್ ಪತ್ತೆಗೆಂದು ಹಾಕಿದ್ದ ಸಾಫ್ಟ್‌ವೇರಿನಿಂದ ವಿದ್ಯಾರ್ಥಿಗಳ ಚಿತ್ರಗಳನ್ನು ಅವರ ಮನೆಯೊಳಗೇ ತೆಗೆದಿತ್ತು. 2010ರಲ್ಲಿ ಮೊಕದ್ದಮೆಯಾಗಿ, ಅದೇ ವರ್ಷ 6,10,000 ಡಾಲರಿಗೆ ರಾಜಿಯಾಯಿತು. ಶಿಕ್ಷಕರು ತರಗತಿಯ ಹೊತ್ತಿನಲ್ಲಿ ಮಗುವಿನ ಸ್ಕ್ರೀನ್ ನೋಡುವುದು ಬೇರೆ, ಅದು ಈಗ ಸಾಮಾನ್ಯ. ಕ್ಯಾಮೆರಾ ಬಳಸುವ ಅಧಿಕಾರ ಯಾರಿಗಿದೆ, ಯಾವ ಸಂದರ್ಭದಲ್ಲಿ ಎಂದು ಶಾಲೆಯಿಂದ ಬರಹದಲ್ಲಿ ಪಡೆಯಿರಿ. ಜಾರುವ ಮುಚ್ಚಳವಿದ್ದರೆ ಮುಚ್ಚಿಡಿ, ಇಲ್ಲದಿದ್ದರೆ ಕಪ್ಪು ಟೇಪಿನ ಸಣ್ಣ ತುಂಡು ಸಾಕು. ಆದರೆ ಪಕ್ಕದ ದೀಪ ಮುಚ್ಚಬೇಡಿ. ವಿಡಿಯೊ ಕ್ಲಾಸ್ ಇಲ್ಲದಾಗ ಅದು ಉರಿದರೆ ದಿನಾಂಕ, ಗಂಟೆ ಬರೆದುಕೊಂಡು, ಆಗ ತೆರೆದಿದ್ದ ಟ್ಯಾಬುಗಳ ಚಿತ್ರ ತೆಗೆದು ಐಟಿ ವಿಭಾಗಕ್ಕೆ ಕಳಿಸಿ. ಹೆಚ್ಚಿನ ಸಲ ಅದು ಮಗುವೇ ಅನುಮತಿ ಕೊಟ್ಟಿದ್ದ ಯಾವುದೋ ವೆಬ್‌ಸೈಟ್ ಆಗಿರುತ್ತದೆ. ಅಡ್ರೆಸ್ ಪಟ್ಟಿಯ ಎಡಬದಿಯ ಗುರುತು ಒತ್ತಿ ಕ್ಯಾಮೆರಾ ಅನುಮತಿ ತೆಗೆದುಹಾಕಿ.