ಚಳಿಗಾಲಕ್ಕೆ ಪೆಟೂನಿಯ ಮಡಿ: ಬಿತ್ತನೆ ಯಾವಾಗ, ಸಸಿ ಸಾಯೋದ್ಯಾಕೆ?

ಬೆಂಗಳೂರಿನಲ್ಲಿ ಜನವರಿಗೆ ಮಡಿ ತುಂಬ ಹೂ ಬೇಕಿದ್ದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಿ. ಬಿತ್ತನೆಯಿಂದ ಹೂವಿಗೆ 10–12 ವಾರ ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ಬಿತ್ತಿದರೆ ಗಿಡ ಹೂವಿಗೆ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ.

ಬೀಜ ಸಾಸಿವೆಗಿಂತಲೂ ಎಷ್ಟೋ ಸಣ್ಣದು, ಬರೀ ಧೂಳು. ಒಣ ಮರಳಿನ ಜೊತೆ ಬೆರೆಸಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಮೊಳೆಯೋಕೆ ಬೆಳಕು ಬೇಕು. ಮೇಲಿಂದ ನೀರು ಹೊಯ್ದರೆ ಬೀಜ ಮೂಲೆ ಸೇರುತ್ತದೆ; ಟ್ರೇಯನ್ನೇ ನೀರಿನ ತಟ್ಟೆಯಲ್ಲಿಟ್ಟು ಕೆಳಗಿಂದ ಹೀರಿಸಿ.

ಸಸಿ ಬುಡದಲ್ಲಿ ದಾರದಂತೆ ಸಣ್ಣಗಾಗಿ ಕಪ್ಪಾಗಿ ಮಲಗಿದರೆ ಅದು ಬುಡಕೊಳೆ ಶಿಲೀಂಧ್ರ. ಕಾರಣ ಸಾಮಾನ್ಯವಾಗಿ ಒತ್ತೊತ್ತಾದ ಬಿತ್ತನೆ, ಅತಿಯಾದ ತೇವ. ಮಲಗಿದ ಸಸಿ ಉಳಿಯಲ್ಲ, ಸುತ್ತಲಿನದ್ದನ್ನೂ ಸೇರಿಸಿ ಕಿತ್ತು ಎಸೆಯಿರಿ.

ನಾಲ್ಕೈದು ಎಲೆಯಾದಾಗ 25–30 ಸೆಂ.ಮೀ. ಅಂತರದಲ್ಲಿ ಮಡಿಗೆ ನೆಡಿ. 10 ಸೆಂ.ಮೀ. ಎತ್ತರಕ್ಕೆ ಬಂದಾಗ ಕುಡಿ ಚಿವುಟಿ. ಮೊದಲ ಹೂ ಒಂದು ವಾರ ತಡವಾದರೂ ಪರವಾಗಿಲ್ಲ, ಗಿಡ ಪೊದೆಯಾಗುತ್ತದೆ. ದಿನಕ್ಕೆ 6 ಗಂಟೆ ಬಿಸಿಲಿಲ್ಲದ ಜಾಗದಲ್ಲಿ ಪೆಟೂನಿಯ ಹಟ ಬೇಡ.

ಯೂರಿಯಾ ಹೆಚ್ಚಾದರೆ ಎಲೆಯೇ ಎಲೆ. ಬಾಡಿದ ಹೂವನ್ನು ಬರೀ ಎಸಳಲ್ಲ, ಹಿಂದಿನ ಹಸಿರು ಕಾಯಿ ಸಮೇತ ಚಿವುಟಿ. ಬೀಜ ಕಟ್ಟಿದರೆ ಹೂ ನಿಲ್ಲುತ್ತದೆ. ಮಾರ್ಚ್‌ನಲ್ಲಿ ಕಿತ್ತು ಅದೇ ಮಡಿಗೆ ನಿತ್ಯಪುಷ್ಪ ಹಾಕಿ.