ಓದುಗರ ಪ್ರಶ್ನೆ, ನಮ್ಮ ಉತ್ತರ: ಯಾವ ಉಪಕರಣಕ್ಕೆ ಯಾವ ಸ್ಟೆಬಿಲೈಜರ್?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವೋಲ್ಟೇಜ್ ಏರುಪೇರಿಗೆ ಸಂಬಂಧಿಸಿದವು. ಹೀಗಾಗಿ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಉತ್ತರಗಳಲ್ಲಿರುವ ಲೆಕ್ಕಗಳೆಲ್ಲ 230 ವೋಲ್ಟ್ ಸರಬರಾಜನ್ನು ಆಧರಿಸಿವೆ.

ಪ್ರಶ್ನೆ: ಸಂಜೆಯಾಗುತ್ತಿದ್ದಂತೆ ನಮ್ಮ ಮನೆಯ ಫ್ಯಾನುಗಳು ನಿಧಾನವಾಗುತ್ತವೆ. ಫ್ರಿಡ್ಜ್ ಗುಂಯ್ ಎಂದು ಸದ್ದು ಮಾಡಿ, ಕೆಲವು ಸೆಕೆಂಡುಗಳಲ್ಲಿ ಟಕ್ ಎಂದು ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಸದ್ದು. ಯಾವ ಸ್ಟೆಬಿಲೈಜರ್ ಕೊಳ್ಳಬೇಕು?

ಉತ್ತರ: ಸ್ಟೆಬಿಲೈಜರ್ ಮನೆಗೆ ಬರುವವರೆಗೆ, ಆ ಸದ್ದು ಕೇಳಿದ ಕೂಡಲೇ ಫ್ರಿಡ್ಜಿನ ಸ್ವಿಚ್ ಆರಿಸಿ. ನೀವು ಕೇಳುತ್ತಿರುವುದು ಕಂಪ್ರೆಸರಿನ ಮೋಟಾರು ತಿರುಗಲಾರದೆ ಒದ್ದಾಡುವ ಸದ್ದು. ಇಂಥ ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ಇರಬೇಕಾದಲ್ಲಿ 180 ವೋಲ್ಟ್ ಇದ್ದರೆ ಬಲವು ಶೇಕಡ 61ಕ್ಕೆ ಕುಸಿಯುತ್ತದೆ. ಅನಿಲದ ಒತ್ತಡವನ್ನು ಮೀರಿ ಮೊದಲ ಸುತ್ತು ತಿರುಗಲು ಅಷ್ಟು ಬಲ ಸಾಲದೇ ಹೋದಾಗ ಮೋಟಾರು ನಿಂತಲ್ಲಿಯೇ ನಿಂತು, ಮಾಮೂಲಿಗಿಂತ ಹಲವು ಪಟ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ. ಸುರುಳಿ ಕಾಯುತ್ತದೆ. ಕಂಪ್ರೆಸರಿನ ಪಕ್ಕದಲ್ಲಿರುವ ಓವರ್‌ಲೋಡ್ ರಕ್ಷಕವು ಟಕ್ ಎಂದು ಸಂಪರ್ಕ ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಜೋಡಿಸುತ್ತದೆ. ಹೀಗೆ ಪ್ರತಿ ಬಾರಿ ಕಾದಾಗಲೂ ತಾಮ್ರದ ತಂತಿಯ ಮೇಲಿನ ತೆಳುವಾದ ವಾರ್ನಿಶ್ ಲೇಪ ಸವೆಯುತ್ತದೆ. ಅದು ಒಂದು ಕಡೆ ಬಿರಿದರೂ ಸಾಕು, ಕಂಪ್ರೆಸರನ್ನೇ ಬದಲಾಯಿಸಬೇಕಾಗುತ್ತದೆ.

ಕೊಳ್ಳುವ ಮುಂಚೆ ಒಂದು ವಾರ ವೋಲ್ಟೇಜನ್ನು ಅಳೆಯಿರಿ. ಅಳೆಯದೆ ಸ್ಟೆಬಿಲೈಜರ್ ಕೊಳ್ಳಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಒಂದು ಸಾಧಾರಣ ಮಲ್ಟಿಮೀಟರ್ ಇದಕ್ಕೆ ಸಾಕು. ಬಳಸಿ ರೂಢಿಯಿಲ್ಲದವರು ಎಲೆಕ್ಟ್ರಿಷಿಯನ್ನರ ನೆರವು ಪಡೆಯಬೇಕು. ಬೆಳಿಗ್ಗೆ, ಸಂಜೆ ಮತ್ತು ಎಲ್ಲರೂ ಮಲಗಿದ ಮೇಲೆ ಫ್ರಿಡ್ಜಿನ ಸಾಕೆಟ್ಟಿನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಬರೆದಿಡಿ. ನಡುರಾತ್ರಿಯ ಅಳತೆಯನ್ನು ಬಿಡಬೇಡಿ, ಏಕೆಂದರೆ ಸಂಜೆ ಸೊರಗುವ ಲೈನು ಬಳಕೆ ತಗ್ಗಿದಾಗ 250 ದಾಟುವುದುಂಟು. ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಮುಳ್ಳು ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನೂ ಗಮನಿಸಿ.

ಅದೇ ಹೊತ್ತಿನಲ್ಲಿ ಮುಖ್ಯ ಬೋರ್ಡಿನ ಬಳಿಯೂ ಅಳೆಯಬೇಕು. ಅಲ್ಲಿ 215 ಇದ್ದು ಫ್ರಿಡ್ಜಿನ ಬಳಿ 185 ಇದ್ದರೆ, ತೊಂದರೆ ಇರುವುದು ಹೊರಗಿನ ಲೈನಿನಲ್ಲಲ್ಲ, ಮನೆಯ ವೈರಿಂಗಿನಲ್ಲಿ. ಎಲ್ಲೋ ಒಂದು ಸಡಿಲವಾದ ಜಾಯಿಂಟ್ ಅಥವಾ ತೀರಾ ತೆಳುವಾದ ತಂತಿ 30 ವೋಲ್ಟನ್ನು ನುಂಗಿ ಶಾಖವಾಗಿ ಹೊರಹಾಕುತ್ತಿದೆ. ಅಂಥ ಕಡೆ ಸ್ಟೆಬಿಲೈಜರ್ ಜೋಡಿಸಿದರೆ ಅಪಾಯ ಹೆಚ್ಚುತ್ತದೆ: ಕಡಿಮೆ ವೋಲ್ಟೇಜನ್ನು ಏರಿಸಲು ಅದು ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ, ಆ ಕರೆಂಟು ಅದೇ ಜಾಯಿಂಟಿನ ಮೂಲಕವೇ ಹರಿಯುತ್ತದೆ. ಮೊದಲು ವೈರಿಂಗ್ ಸರಿಯಾಗಲಿ.

ಎರಡೂ ಕಡೆ ಒಂದೇ ರೀತಿ ಇಳಿಯುತ್ತಿದ್ದರೆ ಮಾತ್ರ ಸ್ಟೆಬಿಲೈಜರ್ ನಿಮ್ಮ ಸಮಸ್ಯೆಗೆ ಮದ್ದು. ನಿಮ್ಮ ಅಳತೆಯಲ್ಲಿ ಕನಿಷ್ಠ 165 ಬಂದಿದ್ದರೆ, ಸುಮಾರು 140ರಿಂದ ಕೆಲಸ ಮಾಡುವುದನ್ನು ಆರಿಸಿ. 90 ವೋಲ್ಟಿನಿಂದಲೂ ನಡೆಯುತ್ತದೆ ಎಂಬ ಹೇಳಿಕೆಗೆ ಮರುಳಾಗಬೇಡಿ. ಸಾಮಾನ್ಯ ಸ್ಟೆಬಿಲೈಜರ್ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುತ್ತದೆ; ಅಷ್ಟೇ ಸಂಖ್ಯೆಯ ಮೆಟ್ಟಿಲುಗಳಲ್ಲಿ ಹೆಚ್ಚು ಅಗಲವಾದ ವ್ಯಾಪ್ತಿಯನ್ನು ತುಂಬಿಸಿದಾಗ ಒಂದೊಂದು ಮೆಟ್ಟಿಲೂ ದೊಡ್ಡದಾಗಿ, ಹೊರಬರುವ ವೋಲ್ಟೇಜ್ ಅಷ್ಟರಮಟ್ಟಿಗೆ ಒರಟಾಗುತ್ತದೆ. ಇನ್ನೆರಡು ಸೌಲಭ್ಯಗಳು ಇರಲೇಬೇಕು. ವೋಲ್ಟೇಜ್ ವ್ಯಾಪ್ತಿಯನ್ನು ಮೀರಿ ಏರಿದಾಗಲೂ ಇಳಿದಾಗಲೂ ಸ್ಟೆಬಿಲೈಜರ್ ಸರಬರಾಜನ್ನು ಪೂರ್ತಿ ಕಡಿಯಬೇಕು. ವಿದ್ಯುತ್ ಹೋಗಿ ಬಂದಾಗ ಮೂರು ನಿಮಿಷಗಳಷ್ಟು ಕಾಲ ತಡೆಹಿಡಿದು ಅನಂತರ ಕೊಡಬೇಕು. ಕಂಪ್ರೆಸರಿನ ಎರಡೂ ಬದಿಯ ಅನಿಲದ ಒತ್ತಡ ಸಮನಾಗಲು ಆ ಬಿಡುವು ಬೇಕು.

ಪ್ರಶ್ನೆ: ನಮ್ಮ ಫ್ರಿಡ್ಜಿನ ಮೇಲೆ 150 ವಾಟ್ ಎಂದಿದೆ. ಅಂಗಡಿಯವರು 500 ವಿಎ ಸ್ಟೆಬಿಲೈಜರ್ ಕೊಟ್ಟಿದ್ದಾರೆ. ಇಷ್ಟು ದೊಡ್ಡದು ಬೇಕಿತ್ತೆ? ಉಳಿದ ಸಾಮರ್ಥ್ಯದಲ್ಲಿ ಮಿಕ್ಸರನ್ನೂ ಅದಕ್ಕೇ ಜೋಡಿಸಬಹುದೆ?

ಉತ್ತರ: ದೊಡ್ಡದೇನಲ್ಲ, ಸರಿಯಾದದ್ದನ್ನೇ ಕೊಟ್ಟಿದ್ದಾರೆ. ಮಿಕ್ಸರನ್ನು ಜೋಡಿಸಬೇಡಿ.

ವಾಟ್ ಎಂಬುದು ಉಪಕರಣವು ನಿಜವಾಗಿ ಬಳಸುವ ಶಕ್ತಿ. ವಿಎ ಎಂಬುದು ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದಾಗ ಬರುವ ಮೊತ್ತ. ಮೋಟಾರು ಇರುವ ಉಪಕರಣಗಳಲ್ಲಿ ಇವೆರಡೂ ಸಮನಾಗಿರುವುದಿಲ್ಲ. ಪವರ್ ಫ್ಯಾಕ್ಟರ್, ಅಂದರೆ ವಾಟನ್ನು ವಿಎಯಿಂದ ಭಾಗಿಸಿದಾಗ ಬರುವ ಸಂಖ್ಯೆ, 0.7 ಎಂದು ಹಿಡಿದರೆ ನಿಮ್ಮ 150 ವಾಟ್ ಫ್ರಿಡ್ಜ್ ಸುಮಾರು 214 ವಿಎ ಬೇಡುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಅದರ ಕರೆಂಟು ಐದಾರು ಪಟ್ಟು ಏರಬಹುದು. ಆ ಏರಿಕೆ ಒಂದು ಸೆಕೆಂಡಿನಷ್ಟೂ ಇರುವುದಿಲ್ಲವಾದ್ದರಿಂದ ಸ್ಟೆಬಿಲೈಜರಿನೊಳಗಿನ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಅದನ್ನು ತಾಳಿಕೊಳ್ಳುತ್ತದೆ, ಆದರೆ ಅದಕ್ಕಾಗಿ ಸಾಮರ್ಥ್ಯದಲ್ಲಿ ಸ್ವಲ್ಪ ಬಿಡುವು ಇರಬೇಕು. ನಿಮಗೆ ಮಿಗುತಾಯವಾಗಿ ಕಾಣುತ್ತಿರುವುದು ಈ ಬಿಡುವೇ.

ಒಳಬರುವ ವೋಲ್ಟೇಜ್ ಇಳಿದಂತೆ ಸ್ಟೆಬಿಲೈಜರಿನ ಸಾಮರ್ಥ್ಯವೂ ಇಳಿಯುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಒಂದು ಉಪಕರಣಕ್ಕೆ 230 ವೋಲ್ಟಿನಲ್ಲಿ 8 ಆಂಪಿಯರ್ ಕೊಡಬೇಕಾಗಿದೆ, ಅಂದರೆ 1,840 ವಿಎ, ಎಂದಿಟ್ಟುಕೊಳ್ಳಿ. ಲೈನಿನಲ್ಲಿ 160 ವೋಲ್ಟ್ ಮಾತ್ರ ಇದ್ದರೆ ಸ್ಟೆಬಿಲೈಜರ್ ಅಲ್ಲಿಂದ 11.5 ಆಂಪಿಯರ್ ಎಳೆಯಬೇಕು, ಅದರ ಸ್ವಂತ ನಷ್ಟ ಬೇರೆ. ಅದರ ಸುರುಳಿ, ಮೆಟ್ಟಿಲು ಬದಲಾಯಿಸುವ ಸ್ವಿಚ್ಚಾದ ರಿಲೇ, ಪ್ಲಗ್ಗು, ಗೋಡೆಯ ಸಾಕೆಟ್ಟು, ಒಳಗಿನ ತಂತಿ ಎಲ್ಲವೂ ಅಷ್ಟನ್ನು ತಾಳಬೇಕು. ಆದ್ದರಿಂದ ಹೊರಮೈ ಮೇಲೆ ದೊಡ್ಡದಾಗಿ ಮುದ್ರಿಸಿದ ಕೆವಿಎ (ಸಾವಿರ ವಿಎ) ಸಂಖ್ಯೆಯನ್ನು ನೋಡುವುದಕ್ಕಿಂತ ಹಿಂಬದಿಯ ಚಿಕ್ಕ ಪಟ್ಟಿಯಲ್ಲಿರುವ ಆಂಪಿಯರ್ ಸಂಖ್ಯೆಯನ್ನು ನೋಡುವುದು ಲೇಸು. 4 ಕೆವಿಎ ಎಂದು ಮಾರುವ ಸ್ಟೆಬಿಲೈಜರಿನ ಮೇಲೆ 12 ಆಂಪಿಯರ್ ಎಂದಿರುವುದುಂಟು; 230ರಿಂದ ಗುಣಿಸಿದರೆ ಅದು 2,760 ವಿಎ ಮಾತ್ರ.

ಪ್ರಶ್ನೆ: ಟೀವಿ ಮತ್ತು ಲ್ಯಾಪ್‌ಟಾಪಿಗೆ ಸ್ಟೆಬಿಲೈಜರ್ ಬೇಕೆ?

ಉತ್ತರ: ಅಡಾಪ್ಟರಿನ ಮೇಲೆ ಅಥವಾ ಟೀವಿಯ ಹಿಂಭಾಗದಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಬೇಡ. ಅವುಗಳ ಒಳಗಿನ ವಿದ್ಯುತ್ ಸರ್ಕ್ಯೂಟು ಆ ವ್ಯಾಪ್ತಿಯ ಯಾವ ವೋಲ್ಟೇಜಿನಿಂದಲೂ ತನಗೆ ಬೇಕಾದಷ್ಟನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಮೇಜಿನ ಕಂಪ್ಯೂಟರಿಗೆ ಬೇಕಾದದ್ದು ಯುಪಿಎಸ್. ವಿದ್ಯುತ್ ಹೋದಾಗ ಕೆಲಸ ಉಳಿಸಿಕೊಳ್ಳಲು ಬ್ಯಾಟರಿ ಬೇಕು, ಸ್ಟೆಬಿಲೈಜರಿನಲ್ಲಿ ಅದು ಇರುವುದಿಲ್ಲ.

ಪ್ರಶ್ನೆ: ಹೊಸದಾಗಿ ಇನ್ವರ್ಟರ್ ಎಸಿ ಕೊಂಡಿದ್ದೇವೆ. ಮಾರಿದವರು ಸ್ಟೆಬಿಲೈಜರ್ ಬೇಡ ಎಂದರು, ಜೋಡಿಸಲು ಬಂದವರು ಬೇಕೇ ಬೇಕು ಎಂದರು. ಯಾರ ಮಾತು ಸರಿ?

ಉತ್ತರ: ಎಸಿಯ ಕೈಪಿಡಿ ಮತ್ತು ನಿಮ್ಮ ಮೀಟರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಇನ್ವರ್ಟರ್ ಎಸಿಯು ಬಂದ ವಿದ್ಯುತ್ತನ್ನು ಮೊದಲು ಡಿಸಿಗೆ ಬದಲಾಯಿಸಿ, ಅನಂತರ ಬೇಕಾದ ಆವರ್ತನದಲ್ಲಿ ಕಂಪ್ರೆಸರಿಗೆ ಕೊಡುತ್ತದೆ. ಮೋಟಾರು ಮೆಲ್ಲಗೆ ವೇಗ ಪಡೆಯುವುದರಿಂದ ಚಾಲೂ ಆಗುವಾಗಿನ ಎಳೆತವೂ ಇರುವುದಿಲ್ಲ. ಹೀಗಾಗಿ ಹಳೆಯ ಬಗೆಯ ಎಸಿಗಿಂತ ಅಗಲವಾದ ವ್ಯಾಪ್ತಿಯಲ್ಲಿ ಅದು ನಡೆಯಬಲ್ಲದು. ಆ ವ್ಯಾಪ್ತಿ ಎಷ್ಟೆಂಬುದನ್ನು ತಯಾರಕರು ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ನಿಮ್ಮ ಮನೆಯ ಕನಿಷ್ಠ ಮತ್ತು ಗರಿಷ್ಠ ಅಳತೆಗಳೆರಡೂ ಅದರೊಳಗೆ, ಹತ್ತಿಪ್ಪತ್ತು ವೋಲ್ಟ್ ಬಿಡುವಿನೊಂದಿಗೆ, ಕುಳಿತರೆ ಸ್ಟೆಬಿಲೈಜರಿನ ಖರ್ಚು ಅನಗತ್ಯ. ಒಂದು ಅಂಚಿನಲ್ಲಾದರೂ ಮೀರಿದರೆ ಹಾಕಿಸುವುದೇ ಒಳ್ಳೆಯದು, ಏಕೆಂದರೆ ಇಂಥ ಎಸಿಗಳಲ್ಲಿ ಸುಡುವುದು ಹೊರಘಟಕದ ಎಲೆಕ್ಟ್ರಾನಿಕ್ ಬೋರ್ಡು, ಅದರ ರಿಪೇರಿ ದುಬಾರಿ. ಇನ್ವರ್ಟರ್ ಅಲ್ಲದ ಎಸಿಗಾದರೆ ಏರುಪೇರಿರುವ ಕಡೆ ಸ್ಟೆಬಿಲೈಜರ್ ಅಗತ್ಯ. ಒಂದೂವರೆ ಟನ್ನಿನದಕ್ಕೆ 4 ಕೆವಿಎ ಬಳಸುವುದು ವಾಡಿಕೆ.

ಪ್ರಶ್ನೆ: ಕೆಲವು ದಿನಗಳಿಂದ ನಮ್ಮ ಮನೆಯಲ್ಲಿ ಒಂದು ಕೋಣೆಯ ದೀಪಗಳು ಮಂಕಾಗಿ, ಇನ್ನೊಂದು ಕೋಣೆಯವು ಕಣ್ಣು ಕುಕ್ಕುವಂತೆ ಉರಿಯುತ್ತವೆ. ಗೀಸರ್ ಹಾಕಿದರೆ ಬೇರೆ ಕೋಣೆಯ ದೀಪ ಇನ್ನಷ್ಟು ಪ್ರಖರವಾಗುತ್ತದೆ. ಎಲ್ಲ ಉಪಕರಣಗಳಿಗೂ ಸ್ಟೆಬಿಲೈಜರ್ ಹಾಕಿಸಬೇಕೆ?

ಉತ್ತರ: ಇದನ್ನು ಓದಿದ ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ ಸರಬರಾಜು ಕಚೇರಿಗೆ ದೂರು ಕೊಡಿ. ಇದು ಸ್ಟೆಬಿಲೈಜರಿನಿಂದ ಪರಿಹಾರವಾಗುವ ತೊಂದರೆಯಲ್ಲ. ನಿಮ್ಮದು ಮೂರು ಫೇಸಿನ ಸಂಪರ್ಕವಾಗಿರಬೇಕು. ಅದರ ನ್ಯೂಟ್ರಲ್ ತಂತಿ ಎಲ್ಲೋ ಸಡಿಲವಾಗಿದೆ ಅಥವಾ ತುಂಡಾಗುತ್ತಿದೆ.

ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಪ್ರತಿಯೊಂದು ಫೇಸಿಗೂ ಅದಕ್ಕೂ ನಡುವೆ 230 ವೋಲ್ಟ್ ಇರುತ್ತದೆ. ಅದು ಕಡಿದುಹೋದರೆ ಒಂದು ಫೇಸಿನ ಉಪಕರಣಗಳು ಇನ್ನೊಂದು ಫೇಸಿನ ಉಪಕರಣಗಳೊಡನೆ ಸರಣಿಯಲ್ಲಿ ಸೇರಿ, ಎರಡು ಫೇಸುಗಳ ನಡುವಿನ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಈ ಹಂಚಿಕೆ ಸಮನಾಗಿರುವುದಿಲ್ಲ. ಗೀಸರಿನಂಥ ಭಾರಿ ಉಪಕರಣ ಇರುವ ಕಡೆ ವೋಲ್ಟೇಜ್ ಇಳಿಯುತ್ತದೆ. ಒಂದು ದೀಪ, ಒಂದು ಚಾರ್ಜರ್ ಮಾತ್ರ ಇರುವ ಕಡೆ 300ನ್ನೂ ದಾಟಿ ಏರುತ್ತದೆ. ಗೀಸರ್ ಹಾಕಿದಾಗ ಬೇರೆ ಕೋಣೆಯ ದೀಪ ಬೆಳಗುವುದು ಈ ಕಾರಣದಿಂದಲೇ. ಮನೆಬಳಕೆಯ ಹೆಚ್ಚಿನ ಸ್ಟೆಬಿಲೈಜರುಗಳ ನಿಯಂತ್ರಕ ಬೋರ್ಡು ಕೂಡ ಅದೇ ಲೈನಿನಿಂದ ನಡೆಯುವುದರಿಂದ, 350 ವೋಲ್ಟ್ ಬಂದರೆ ಅದು ಕಾಪಾಡುವ ಮುಂಚೆ ತಾನೇ ಸುಟ್ಟುಹೋಗಬಹುದು.

ತಂತಿ ಸರಿಯಾದ ಮೇಲೆ, ಮುಖ್ಯ ಬೋರ್ಡಿನಲ್ಲಿ ವೋಲ್ಟೇಜ್ ಮಿತಿ ಮೀರಿದಾಗ ಇಡೀ ಮನೆಯ ಸಂಪರ್ಕವನ್ನು ತಾನಾಗಿ ಕಡಿಯುವ ರಕ್ಷಕ ರಿಲೇಯನ್ನು ಹಾಕಿಸಿ. ನಮ್ಮನ್ನು ಕೇಳಿದರೆ, ಮೂರು ಫೇಸಿನ ಮನೆಗಳಲ್ಲಿ ಮೊದಲ ಖರ್ಚು ಇದಕ್ಕೇ ಆಗಬೇಕು, ಸ್ಟೆಬಿಲೈಜರಿನದು ಆಮೇಲೆ. ನ್ಯೂಟ್ರಲ್ ತಂತಿಗೆ ಮಾತ್ರ ಪ್ರತ್ಯೇಕ ಫ್ಯೂಸ್ ಹಾಕಿದ್ದರೆ ಅದನ್ನು ತೆಗೆಸಿಬಿಡಿ. ಅದು ಹೋದರೂ ಇದೇ ಅನಾಹುತವಾಗುತ್ತದೆ.

ಪ್ರಶ್ನೆ: ಸ್ಟೆಬಿಲೈಜರ್ ಇದ್ದರೂ ಸಿಡಿಲು ಬಡಿದಾಗ ನಮ್ಮ ಟೀವಿ ಸುಟ್ಟಿತು. ಕಳಪೆ ಮಾಲು ಕೊಂಡೆವೆ?

ಉತ್ತರ: ಅದರ ಗುಣಮಟ್ಟವನ್ನು ದೂರಬೇಕಾಗಿಲ್ಲ; ಆ ಕೆಲಸ ಅದರದಲ್ಲ. ಸಿಡಿಲಿನಿಂದ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಸಾವಿರಾರು ವೋಲ್ಟ್ ಏರುತ್ತದೆ. ರಿಲೇ ಸ್ಥಾನ ಬದಲಾಯಿಸಲು 10 ಮಿಲಿಸೆಕೆಂಡು, ಅಂದರೆ 10,000 ಮೈಕ್ರೋಸೆಕೆಂಡು, ಬೇಕು ಎಂದಿಟ್ಟುಕೊಂಡರೂ ಅಷ್ಟರೊಳಗೆ ಆಗುವ ಹಾನಿ ಆಗಿಹೋಗಿರುತ್ತದೆ. ಇದಕ್ಕೆ ಬೇಕಾದದ್ದು ಮುಖ್ಯ ಬೋರ್ಡಿನಲ್ಲಿ ಕೂರಿಸುವ ಸರ್ಜ್ ರಕ್ಷಕ. ಅದರೊಳಗಿನ ವೇರಿಸ್ಟರ್ ಹೆಚ್ಚುವರಿ ವಿದ್ಯುತ್ತನ್ನು ಭೂಮಿಗೆ ಹರಿಸುತ್ತದೆಯಾದ್ದರಿಂದ ಅರ್ಥಿಂಗ್ ಚೆನ್ನಾಗಿರಬೇಕು. ಪ್ರತಿ ಹೊಡೆತಕ್ಕೂ ವೇರಿಸ್ಟರ್ ಸ್ವಲ್ಪ ಸ್ವಲ್ಪ ಸವೆಯುವುದರಿಂದ, ಅದರ ಸೂಚಕ ಬಣ್ಣ ಬದಲಾದಾಗ ಹೊಸದನ್ನು ಹಾಕಿಸಬೇಕು. ಹತ್ತಿರದಲ್ಲಿಯೇ ಬಡಿಯುವ ಸಿಡಿಲಿಗೆ ಇದೂ ಸಾಲದು. ಗುಡುಗು ದೂರದಲ್ಲಿರುವಾಗಲೇ ಟೀವಿಯ ಪ್ಲಗ್ಗನ್ನೂ ಕೇಬಲ್ಲನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತಿಡಿ. ಸಿಡಿಲಿನ ಪ್ರಭಾವ ಕೇಬಲ್ಲಿನ ಮೂಲಕವೂ ಬರುತ್ತದೆ.

ಪ್ರಶ್ನೆ: ಗೀಸರಿಗೆ ಬೇಕೆ?

ಉತ್ತರ: ಬೇಡ. ಕಡಿಮೆ ವೋಲ್ಟೇಜಿನಿಂದ ಕಾಯಿಸುವ ಸುರುಳಿಗೆ ತೊಂದರೆಯಿಲ್ಲ, ನೀರು ಕಾಯುವುದು ತಡವಾಗುತ್ತದೆ ಅಷ್ಟೆ. 190 ವೋಲ್ಟಿನಲ್ಲಿ 2,000 ವಾಟಿನ ಗೀಸರ್ ಸುಮಾರು 1,365 ವಾಟಿನಷ್ಟು ಕೆಲಸ ಮಾಡುತ್ತದೆ; 15 ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ 22 ನಿಮಿಷ ಹಿಡಿಯುತ್ತದೆ.

ಪ್ರಶ್ನೆ: ನಮ್ಮ ರಿಲೇ ಸ್ಟೆಬಿಲೈಜರ್ ಸಂಜೆಯೆಲ್ಲ ಟಕ್ ಟಕ್ ಎನ್ನುತ್ತಲೇ ಇರುತ್ತದೆ. ಸರ್ವೋ ಬಗೆಯದಕ್ಕೆ ಬದಲಾಯಿಸಬೇಕೆ?

ಉತ್ತರ: ಒಳಬರುವ ವೋಲ್ಟೇಜ್ ಎರಡು ಮೆಟ್ಟಿಲುಗಳ ಗಡಿಯಲ್ಲೇ ತೂಗಾಡುತ್ತಿದ್ದರೆ ರಿಲೇ ಹೀಗೆ ಹಿಂದೆಮುಂದೆ ಆಗುತ್ತಿರುತ್ತದೆ. ಗಂಟೆಗೆ ಒಂದೆರಡು ಬಾರಿಯಾದರೆ ಚಿಂತೆ ಬೇಡ. ನಿಮಿಷಕ್ಕೆ ಹಲವು ಬಾರಿಯಾದರೆ ಸಂಪರ್ಕದ ಬಿಂದುಗಳು ಕಿಡಿಯಿಂದ ಕರಕಲಾಗಿ, ಕೊನೆಗೆ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಏರಿಸುವ ಸ್ಥಾನದಲ್ಲಿ ಬೆಸೆದುಕೊಂಡರೆ, ರಾತ್ರಿ ಲೈನು ಸರಿಹೋದಾಗ ಫ್ರಿಡ್ಜಿಗೆ ಹೆಚ್ಚಿನ ವೋಲ್ಟೇಜ್ ಹೋಗುತ್ತದೆ.

ಸರ್ವೋ ಸ್ಟೆಬಿಲೈಜರಿನಲ್ಲಿ ಮೆಟ್ಟಿಲುಗಳಿಲ್ಲ. ಒಂದು ಚಿಕ್ಕ ಮೋಟಾರು ಇಂಗಾಲದ ಬ್ರಷ್ಷನ್ನು ಸುರುಳಿಯ ಮೇಲೆ ಸರಿಸುತ್ತಾ ವೋಲ್ಟೇಜನ್ನು ಶೇಕಡ ಒಂದರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ರಿಲೇ ಬಗೆಯದರಲ್ಲಿ ಶೇಕಡ ಹತ್ತರಷ್ಟು ಹೆಚ್ಚುಕಡಿಮೆ ಸಾಮಾನ್ಯ. ಆದರೆ ಬ್ರಷ್ ಸವೆಯುತ್ತದೆ, ನಿಗಾ ಬೇಕು, ಬೆಲೆಯೂ ಹೆಚ್ಚು. ಅಷ್ಟು ನಿಖರವಾದ ವೋಲ್ಟೇಜನ್ನು ಫ್ರಿಡ್ಜ್ ಕೇಳುವುದೂ ಇಲ್ಲ. ಒಂದೇ ಫ್ರಿಡ್ಜಿಗಾಗಿ ಸರ್ವೋ ಬೇಡ. ಸದ್ದು ಆಗುವ ಹೊತ್ತಿನಲ್ಲಿ ಒಳಬರುವ ವೋಲ್ಟೇಜ್ ಎಷ್ಟಿದೆ ಎಂದು ಬರೆದುಕೊಂಡು, ಆ ಅಂಕಿ ತನ್ನ ಗಡಿಯಲ್ಲಿ ಬೀಳದಂಥ, ಹೆಚ್ಚು ಮೆಟ್ಟಿಲುಗಳಿರುವ ಬೇರೊಂದು ರಿಲೇ ಮಾದರಿಯನ್ನು ಕೇಳಿ ಪಡೆಯಿರಿ. ಇಡೀ ಮನೆಗೆ ಒಂದೇ ಸ್ಟೆಬಿಲೈಜರ್ ಹಾಕಿಸುವ ಯೋಚನೆ ಇದ್ದರೆ ಮಾತ್ರ ಸರ್ವೋ ಪರಿಗಣಿಸಬಹುದು. ಆಗ ಅದು ಕೆಟ್ಟರೆ ಮನೆಯನ್ನು ನೇರವಾಗಿ ಲೈನಿಗೆ ಜೋಡಿಸಿಕೊಳ್ಳಲು ಬೈಪಾಸ್ ಸ್ವಿಚ್ ಇರುವುದನ್ನೇ ಆರಿಸಿ.